ಇಂಗಿದ ಕೈಗಳ ಮ್ಯೂಸಿಯಂ

ನಮ್ಮೂರಲ್ಲಿ ವಾದ್ಯಗಳು ನುಡಿಯುವುದು ಮಕ್ಕಳ ಕೈಗೆ ಮಾತ್ರ. ಹನ್ನೊಂದು ವರ್ಷಕ್ಕೋ ಹನ್ನೆರಡಕ್ಕೋ, ಒಂದು ದಿನ ಇದ್ದಕ್ಕಿದ್ದಂತೆ ಕೈ ಇಂಗಿಬಿಡುತ್ತದೆ. ನಿನ್ನೆಯವರೆಗೆ ಮೀಟಿದರೆ ಮಾತಾಡುತ್ತಿದ್ದ ತಂತಿ ಇವತ್ತು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಸುಮ್ಮನಿರುತ್ತದೆ. ಮೃದಂಗ ಬಡಿದರೆ ದಿಂಬು ಬಡಿದಂತೆ. ಕೊಳಲು ಊದಿದರೆ ಬರೀ ಉಸಿರು. ಆಮೇಲೆ ಸಾಯುವವರೆಗೆ ಅಷ್ಟೇ. ಯಾಕೆ ಹೀಗೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ನಾವು ಕೇಳುವುದಿಲ್ಲ. ಹಾಲುಹಲ್ಲು ಯಾಕೆ ಬೀಳುತ್ತದೆ ಎಂದು ಯಾರು ಕೇಳುತ್ತಾರೆ?

ಹಾಗಾಗಿ ನಮ್ಮಲ್ಲಿ ಮದುವೆಯ ಮುಹೂರ್ತಗಳೆಲ್ಲ ಭಾನುವಾರವೇ, ಇಲ್ಲವಾದರೆ ಶಾಲೆ ಬಿಟ್ಟ ಮೇಲೆ. ಓಲಗದವರು ಮೂರನೇ ಕ್ಲಾಸಿನವರು. ಪುರೋಹಿತರು ಗಟ್ಟಿಮೇಳ ಎಂದು ಕೂಗುವ ಹೊತ್ತಿಗೆ ಸರಿಯಾಗಿ ಡೋಲಿನ ಹುಡುಗಿ ಒಂದಕ್ಕೆ ಹೋಗಿರುತ್ತಾಳೆ. ತಾಳಿ ಹಿಡಿದ ಮದುಮಗನೂ ಸೇರಿದಂತೆ ಇಡೀ ಛತ್ರ ಅವಳು ಲಂಗ ಸರಿಮಾಡಿಕೊಂಡು ಬರುವವರೆಗೆ ಕಾಯುತ್ತದೆ. ದೊಡ್ಡವರಿಗೆ ಉಳಿದಿರುವುದು ಗಂಟಲು. ಗಂಟಲಿಗೆ ಈ ಕಾಟವಿಲ್ಲ, ಅದಕ್ಕೇ ನಮ್ಮೂರಿನ ದೊಡ್ಡವರೆಲ್ಲ ಹಾಡುತ್ತಾರೆ, ತುಂಬ ಕೆಟ್ಟದಾಗಿ. ಸೈಕಲ್ ಬೆಲ್ ಕೂಡ ಎಲ್ಲರ ಕೈಗೂ ನುಡಿಯುತ್ತದೆ. ಖಾಲಿ ರಸ್ತೆಯಲ್ಲಿ ಎಪ್ಪತ್ತು ವರ್ಷದ ಗಂಡಸೊಬ್ಬ ಒಂದೇ ಸಮ ಬೆಲ್ ಹೊಡೆಯುತ್ತ ಹೋಗುವುದನ್ನು ನೋಡಿದರೆ ನೀವು ನಮ್ಮೂರಿಗೆ ಬಂದಿದ್ದೀರಿ ಎಂದು ತಿಳಿದುಕೊಳ್ಳಬಹುದು.

ಇದೆಲ್ಲದರ ಮೇಲೆ ನಮ್ಮಲ್ಲಿ ಒಂದು ಸಂಗೀತ ವಿದ್ವತ್ ಪರಿಷತ್ತು ಬೇರೆ ಇದೆ. ಹದಿನೇಳು ಮಂದಿ ಸದಸ್ಯರು, ಹದಿನೇಳೂ ಇಂಗಿದ ಕೈಗಳು. ಶುಕ್ರವಾರ ಸಂಜೆ ಸೇರಿ, ಉಪ್ಪಿಟ್ಟು ತಿಂದು, ಆ ವಾರದ ಮದುವೆಯಲ್ಲಿ ಏಳು ವರ್ಷದ ಮಗುವೊಂದು ಕಲ್ಯಾಣಿಯನ್ನು ಹೇಗೆ ಕೆಡಿಸಿತು ಎಂದು ಚರ್ಚೆ ಮಾಡುತ್ತಾರೆ. ಠರಾವು ಮಾಡಿ ಮಗುವಿಗೆ ಪತ್ರ ಬರೆಯುತ್ತಾರೆ. ಮಗು ಅದರಲ್ಲಿ ದೋಣಿ ಮಾಡುತ್ತದೆ. ಪರಿಷತ್ತಿನ ಪತ್ರಗಳಿಂದ ಊರಿಗೆ ಆಗಿರುವ ಉಪಯೋಗ ನನಗೆ ಗೊತ್ತಿರುವಂತೆ ಅದೊಂದೇ.

ನಾನು ಇಂದ್ರಾಣಿ, ಪುರಸಭೆಯ ಶಾಲೆಯಲ್ಲಿ ಮೂವತ್ತೊಂದು ವರ್ಷದಿಂದ ಸಂಗೀತದ ಟೀಚರ್. ನನ್ನ ಬಾಯಿ ಖಾರ ಎಂದು ಹೆಡ್‌ಮಾಸ್ಟರು ನನ್ನ ಗೌಪ್ಯ ವರದಿಯಲ್ಲಿ ಪ್ರತಿ ವರ್ಷ ಬರೆಯುತ್ತಾರೆ. ಬರೆಯಲಿ. ಬಾಯಿ ಬಿಟ್ಟರೆ ನನಗೆ ಬೇರೆ ಉಪಕರಣ ಇಲ್ಲ. ಸ್ವರ ಹೇಳುತ್ತೇನೆ, ದೂರ ನಿಂತು ಬೆರಳು ತೋರಿಸುತ್ತೇನೆ, ಬೈಯುತ್ತೇನೆ. ಶಾಲೆಗೆ ಇರುವುದು ಒಂದೇ ಹಾರ್ಮೋನಿಯಂ. ಮುಚ್ಚಳದ ಎಡಮೂಲೆ ಸೀಳಿದೆ, ಒಂಬತ್ತನೇ ಬಿಳಿ ಕೀ ಒತ್ತಿದರೆ ಒಂದು ಕ್ಷಣ ತಡೆದು ಮೇಲೆ ಬರುತ್ತದೆ. ನಾನು ಅದೇ ಶಾಲೆಯಲ್ಲಿ ಓದಿದವಳು. ನನ್ನ ಕೈ ಇಂಗಿದ್ದೂ ಅದೇ ಪೆಟ್ಟಿಗೆಯ ಮೇಲೆ.

ಕಳೆದ ವರ್ಷ ಪುರಸಭೆಯವರಿಗೆ ಮಕ್ಕಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಬಂತು. ಹಳೆಯ ಹತ್ತಿ ಗೋದಾಮಿಗೆ ಬಣ್ಣ ಬಳಿಸಿ, ನೆಲಕ್ಕೆ ಜಾರುವ ಕಲ್ಲು ಹಾಕಿಸಿ, ಅದಕ್ಕೆ ನಾದಾಂಗಣ ಎಂದು ಹೆಸರಿಟ್ಟರು. ಸಂಗೀತದ ಇಂಟರ‍್ಯಾಕ್ಟಿವ್ ಮ್ಯೂಸಿಯಂ ಅಂತೆ. ಅಧ್ಯಕ್ಷ ತಿಪ್ಪೇಶಪ್ಪನವರಿಗೆ ಆ ಪದ ಬಾಯಲ್ಲಿ ನಿಲ್ಲುತ್ತಿರಲಿಲ್ಲ, ಪ್ರತಿ ಸಭೆಯಲ್ಲೂ ಬೇರೆ ಬೇರೆ ರೀತಿಯಲ್ಲಿ ಹೇಳಿದರು. ಹಾಗೆಂದರೆ ಏನು ಎಂದು ಯಾರೋ ಕೇಳಿದ್ದಕ್ಕೆ, ಮುಟ್ಟಿದರೆ ಸದ್ದು ಮಾಡುವಂಥದ್ದು ಎಂದರು. ನಮ್ಮ ಶಾಲೆಯ ಹಾರ್ಮೋನಿಯಂ ಕೂಡ ಮುಟ್ಟಿದರೆ ಸದ್ದು ಮಾಡುತ್ತದೆ ಎಂದು ಸಭೆಯಲ್ಲಿ ಯಾರೂ ಹೇಳಲಿಲ್ಲ. ಅದು ಅವರು ಮುಟ್ಟಿದರೆ ಮಾಡುವುದಿಲ್ಲವಲ್ಲ.

ಮ್ಯೂಸಿಯಂ ನೋಡಿಕೊಳ್ಳಲು ಹೊರಗಿನಿಂದ ವಿಶ್ವಂಭರ ಎಂಬ ನಲವತ್ತರ ಆಸುಪಾಸಿನ ಮನುಷ್ಯ ಬಂದ. ತನ್ನೂರಲ್ಲಿ ಚೆನ್ನಾಗಿ ಸಿತಾರ್ ನುಡಿಸುತ್ತಿದ್ದವನಂತೆ. ಇಲ್ಲಿಗೆ ಬಂದ ಮೊದಲ ವಾರ ಮೂರು ಸಲ ತಂತಿ ಬದಲಿಸಿದ, ನಾಲ್ಕನೇ ಸಲ ಅಂಗಡಿಯವನೇ ವಿಷಯ ತಿಳಿಸಿದ. ಆಮೇಲೆ ಅವನು ಸಿತಾರನ್ನು ಬೀರುವಿನ ಮೇಲಿಟ್ಟು, ಮಕ್ಕಳ ಮನೆಮನೆಗೆ ಹೋಗಿ ಅವರು ಬಾರಿಸಿದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡು ಹೋದ. ಒಳ್ಳೆಯವನೇ, ಮಕ್ಕಳಿಗೆ ಚಾಕೊಲೇಟ್ ಕೊಡುತ್ತಿದ್ದ. ಮಾತು ಮಾತ್ರ ಕರಪತ್ರ ಓದಿದ ಹಾಗಿರುತ್ತಿತ್ತು.

ಉದ್ಘಾಟನೆಗೆ ಹತ್ತು ದಿನ ಇರುವಾಗ ಹೆಡ್‌ಮಾಸ್ಟರು ಒಂದು ಪತ್ರ ಹಿಡಿದುಕೊಂಡು ನನ್ನ ಕ್ಲಾಸಿಗೆ ಬಂದರು. ಮೊದಲ ದಿನ ನಮ್ಮ ಶಾಲೆಯ ಇಪ್ಪತ್ತನಾಲ್ಕು ಮಕ್ಕಳನ್ನು ಕರೆದುಕೊಂಡು ಬರಬೇಕು. ಶಾಲೆಯ ಹಾರ್ಮೋನಿಯಂ ಪುರಾತನವಾದ್ದರಿಂದ ಅದನ್ನು ಮ್ಯೂಸಿಯಂಗೆ ಒಪ್ಪಿಸಬೇಕು, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಒಪ್ಪಿಸುವ ಮುಂಚೆ ವೇದಿಕೆಯ ಮೇಲೆ ಭಾಗೀರಥಿ ಅದನ್ನು ಕೊನೆಯ ಸಲ ನುಡಿಸಬೇಕು. ಒಪ್ಪಿಸುವ ಕಾಗದಕ್ಕೆ ಸಂಗೀತದ ಟೀಚರ್ ಸಹಿ ಹಾಕಬೇಕು. ಹಾಗಾದರೆ ಮಾರನೆಯ ದಿನದಿಂದ ಮಕ್ಕಳು ಏನನ್ನು ನುಡಿಸಬೇಕು ಎಂದು ಕೇಳಿದೆ. ತಿಂಗಳಿಗೊಂದು ಸಲ ಮ್ಯೂಸಿಯಂಗೆ ಕರೆದುಕೊಂಡು ಹೋಗಿ, ಅಲ್ಲಿ ಗೋಡೆಯ ತುಂಬ ಹಾರ್ಮೋನಿಯಂ ಚಿತ್ರಗಳಿವೆ, ಮುಟ್ಟಿದರೆ ನುಡಿಯುತ್ತವೆ, ತಿದಿ ಒತ್ತುವ ಕಷ್ಟವೂ ಇಲ್ಲ ಎಂದರು. ಶಾಲೆಗೆ ಇದೊಂದು ಗೌರವ ಎಂದೂ ಸೇರಿಸಿದರು. ಆ ಮನುಷ್ಯನಿಗೆ ಗೌರವ ಎಂದರೆ ಶಾಲು. ಅವರ ಮನೆಯಲ್ಲಿ ಹದಿನಾಲ್ಕು ಶಾಲುಗಳಿವೆ, ಹೊದೆಯುವಷ್ಟು ಚಳಿ ನಮ್ಮೂರಲ್ಲಿ ಇಲ್ಲ.

ಭಾಗೀರಥಿ ಆರನೇ ಕ್ಲಾಸಿನವಳು. ಹನ್ನೊಂದೂವರೆ ವರ್ಷ, ಉದ್ದ ಬೆರಳು, ಕಮ್ಮಿ ಮಾತು. ಅವಳಿಗೆ ನಾನು ಕಲಿಸಿದೆ ಎಂದು ಊರವರು ಹೇಳುತ್ತಾರೆ, ಅದು ಸುಳ್ಳು. ಅವಳು ನುಡಿಸುತ್ತಿದ್ದಳು, ನಾನು ಅಡ್ಡ ಬರಲಿಲ್ಲ, ಅಷ್ಟೇ. ನನ್ನ ಬಾಯಿಂದ ಬೈಸಿಕೊಳ್ಳದ ವಿದ್ಯಾರ್ಥಿ ಮೂವತ್ತೊಂದು ವರ್ಷದಲ್ಲಿ ಅವಳೊಬ್ಬಳೇ. ಆ ಪತ್ರ ಬಂದ ವಾರ ಅವಳ ಬಲಗೈ ತೋರುಬೆರಳಿಗೆ ಅರಿಸಿನದ ಬಟ್ಟೆ ಕಟ್ಟಿತ್ತು. ಕುರು ಎದ್ದಿದೆ ಎಂದಳು. ಮುಂದಿನ ವಾರವೂ ಕಟ್ಟಿತ್ತು. ನಾನು ಏನೂ ಕೇಳಲಿಲ್ಲ. ಕೇಳಬೇಕಿತ್ತು.

ಉದ್ಘಾಟನೆಯ ಬೆಳಿಗ್ಗೆ ಮಕ್ಕಳನ್ನು ಎರಡು ಸಾಲು ಮಾಡಿ ನಡೆಸಿಕೊಂಡು ಹೋದೆ. ಹಾರ್ಮೋನಿಯಂ ತಳ್ಳುಗಾಡಿಯಲ್ಲಿ ಮೊದಲೇ ಹೋಗಿತ್ತು. ನನ್ನ ಕೈ ಹಿಡಿದುಕೊಂಡಿದ್ದವಳು ಜುಬೇದಾ, ಎರಡನೇ ಕ್ಲಾಸು, ಮುಂದಿನ ಎರಡು ಹಲ್ಲಿಲ್ಲ, ಪ್ರಶ್ನೆ ಮಾತ್ರ ನಿಲ್ಲುವುದಿಲ್ಲ. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ, ಮಕ್ಕಳೇ ಇದು ನಿಮ್ಮ ಲೋಕ, ದಯವಿಟ್ಟು ಮುಟ್ಟಿ ಎಂದು ಬರೆದಿತ್ತು. ಅದರ ಕೆಳಗೆ ಬ್ಯಾಡ್ಜ್ ಹಾಕಿಕೊಂಡ ಒಬ್ಬ ನಿಂತು, ಮಕ್ಕಳು ಸ್ವಲ್ಪ ಹೊತ್ತು ಹೊರಗಿರಲಿ, ಒಳಗೆ ಜಾಗ ಇಲ್ಲ ಎಂದ.

ಒಳಗೆ ಇದ್ದವರು ಯಾರು ಎಂದು ಇಣುಕಿ ನೋಡಿದೆ. ಇಡೀ ಊರಿನ ದೊಡ್ಡವರು. ವಿದ್ವತ್ ಪರಿಷತ್ತಿನ ಹದಿನೇಳೂ ಮಂದಿ ಗೋಡೆಯ ಮೇಲಿನ ವೀಣೆಯ ಚಿತ್ರಕ್ಕೆ ಮುಗಿಬಿದ್ದಿದ್ದರು. ಎಲ್ಲಿ ಮುಟ್ಟಿದರೂ ಒಂದೇ ತಾನ ಬರುತ್ತಿತ್ತು, ಅವರು ಒಬ್ಬರಾದ ಮೇಲೊಬ್ಬರು ಮುಟ್ಟಿ, ಕಣ್ಣು ಮುಚ್ಚಿ, ತಮ್ಮ ಕೈಗೆ ತಾವೇ ಭಲೆ ಹೇಳಿಕೊಳ್ಳುತ್ತಿದ್ದರು. ನೆಲದ ಮೇಲೆ ಎಂಟು ಚೌಕಗಳಿದ್ದವು, ತುಳಿದರೆ ಜಲತರಂಗದ ಸದ್ದು. ಅಲ್ಲಿ ತಿಪ್ಪೇಶಪ್ಪನವರು ಪಂಚೆ ಎತ್ತಿ ಕಟ್ಟಿ ಕುಪ್ಪಳಿಸುತ್ತಿದ್ದರು. ಅವರ ಹಿಂದೆ ಡಾಕ್ಟರು, ಪೋಸ್ಟ್ ಮಾಸ್ಟರು, ಮೀಸೆ ತಿರುವುವ ಸಬ್ ಇನ್ಸ್‌ಪೆಕ್ಟರು, ಎಲ್ಲ ಚಪ್ಪಲಿ ಬಿಟ್ಟು ಕ್ಯೂ ನಿಂತಿದ್ದರು. ತಬಲದ ಮೂಲೆಯಲ್ಲಿ ಯಾವುದೋ ಮಗುವಿನ ಇಬ್ಬರು ಸೋದರಮಾವಂದಿರು ತಳ್ಳಾಡುತ್ತಿದ್ದರು. ಅರವತ್ತು ವರ್ಷ ಸೈಕಲ್ ಬೆಲ್ ಹೊಡೆದುಕೊಂಡು ಬದುಕಿದವರು. ಅವರ ಮುಖ ನೋಡಿ ನನಗೆ ಹೇಸಿಗೆಯಾಯಿತು. ಎಂಜಲು ಎಲೆಗೆ ಬಾಯಿ ಹಾಕಿ ನೆಕ್ಕುವವರ ಮುಖ ಹಾಗಿರುತ್ತದೆ.

ಮಕ್ಕಳು ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತರು. ಆಮೇಲೆ ಒಳಗೆ ಬಿಟ್ಟರು, ಆದರೆ ಚಿತ್ರಗಳ ಹತ್ತಿರ ಹೋಗಲು ಆಗಲಿಲ್ಲ. ಕೈ ಚಾಚಿದ ಮಗುವನ್ನು ಅದರದೇ ಅಪ್ಪ, ತಾಳು ಮರಿ, ಇವರದು ಮುಗೀಲಿ ಎಂದು ಹಿಂದಕ್ಕೆ ಎಳೆದ. ವಿಶ್ವಂಭರ ಅತ್ತಿಂದಿತ್ತ ಓಡಾಡಿ, ದಯವಿಟ್ಟು ಮಕ್ಕಳಿಗೆ ಅವಕಾಶ ಕೊಡಿ ಎಂದು ಬೇಡುತ್ತಿದ್ದ, ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಕೊನೆಗೆ ಗದರಿಸಿ ನಾನೇ ಒಂದು ಡೋಲಿನ ಚಿತ್ರದ ಮುಂದೆ ದಾರಿ ಬಿಡಿಸಿದೆ. ಮಕ್ಕಳು ಸರದಿಯಲ್ಲಿ ಬಂದು ಒಂದೊಂದು ಸಲ ತಟ್ಟಿದರು. ನಾಲ್ಕನೆಯ ಮಗು ತಟ್ಟುವ ಹೊತ್ತಿಗೆ ಉಳಿದವರು ನೆಲದ ಮೇಲೆ ಕೂತು ಚಿತ್ರಾನ್ನದ ಪೊಟ್ಟಣ ಬಿಚ್ಚಿದ್ದರು. ಯಾಕೆ, ಚೆನ್ನಾಗಿಲ್ಲವಾ ಎಂದು ವಿಶ್ವಂಭರ ಜುಬೇದಾಳನ್ನು ಬಗ್ಗಿ ಕೇಳಿದ. ಅವಳು ಬೆರಳು ನೆಕ್ಕುತ್ತ ಸ್ವಲ್ಪ ಯೋಚಿಸಿದಳು.

"ಯಾರು ಮುಟ್ಟಿದ್ರೂ ಒಂದೇ ಥರ ಕೂಗುತ್ತೆ," ಎಂದಳು. "ಇದಕ್ಕೆ ನಾವು ಯಾರು ಅಂತ್ಲೇ ಗೊತ್ತಾಗಲ್ಲ."

ವಿಶ್ವಂಭರ ನಕ್ಕ, ಆದರೆ ಮುಖ ಸ್ವಲ್ಪ ಕಪ್ಪಾಯಿತು.

ಇಲ್ಲಿಯವರೆಗೆ ಹೇಳಿದ್ದನ್ನು ನಾನು ಎಲ್ಲರಿಗೂ ಹೇಳಿದ್ದೇನೆ, ಸಂತೋಷದಿಂದ ಹೇಳಿದ್ದೇನೆ. ಇನ್ನು ಮುಂದಿನ ಸಂಗತಿ ಯಾರಿಗೂ ಹೇಳಿಲ್ಲ. ಮಕ್ಕಳು ಊಟ ಮಾಡುವಾಗ ಕೈತೊಳೆಯುವ ನಲ್ಲಿ ಎಲ್ಲಿದೆ ಎಂದು ಹುಡುಕಿಕೊಂಡು ಹೋದೆ. ಹಿಂಬದಿಯಲ್ಲಿ ಒಂದು ಚಿಕ್ಕ ಕೋಣೆ ಸಿಕ್ಕಿತು. ಯಾರೂ ಇರಲಿಲ್ಲ. ಗೋಡೆಯ ಮೇಲೆ ಹಾರ್ಮೋನಿಯಂ ಚಿತ್ರ, ನಿಜವಾದಷ್ಟೇ ಅಗಲದ ಕೀಗಳು. ನೋಡೋಣ ಎಂದುಕೊಂಡು ಒಂದು ಬೆರಳಿಟ್ಟೆ. ಷಡ್ಜ ಬಂತು.

ನಲವತ್ತು ವರ್ಷದ ಹತ್ತಿರವಾಗಿತ್ತು ನನ್ನ ಬೆರಳ ಕೆಳಗೆ ಸ್ವರ ಹುಟ್ಟಿ. ಅದು ನನ್ನದಲ್ಲ, ಗೋಡೆಯೊಳಗೆ ಯಾವುದೋ ಮಗುವಿನ ಕೈ ತುಂಬಿಟ್ಟಿದ್ದಾರೆ ಎಂದು ಗೊತ್ತಿತ್ತು. ಗೊತ್ತಿದ್ದೂ ಎರಡನೇ ಬೆರಳಿಟ್ಟೆ. ಆಮೇಲೆ ಬಾಗಿಲು ಮುಂದೆ ಮಾಡಿಕೊಂಡೆ. ಪ್ರಾರ್ಥನೆಯ ಹಾಡು, ಚಿಕ್ಕವಳಿದ್ದಾಗಿನ ಸರಳೆ ವರಸೆ, ನಮ್ಮಮ್ಮ ಹಿಟ್ಟು ಬೀಸುವಾಗ ಹೇಳುತ್ತಿದ್ದ ಒಂದು ಪದ. ಬೆರಳುಗಳಿಗೆ ಎಲ್ಲ ನೆನಪಿತ್ತು. ಕೀ ಒತ್ತಿದರೆ ತಗ್ಗುತ್ತಿರಲಿಲ್ಲ, ತಣ್ಣಗಿನ ಗಾಜು, ಮೆಲ್ಲಗೆ ಮುಟ್ಟಿದರೂ ಗಟ್ಟಿ ಮುಟ್ಟಿದರೂ ಒಂದೇ. ನನಗೆ ಅದೇನೂ ಬೇಕಾಗಿರಲಿಲ್ಲ. ಕಣ್ಣಿಂದ ನೀರು ಬರುತ್ತಿತ್ತು, ಒರೆಸಿಕೊಳ್ಳಲು ಕೈ ತೆಗೆಯುವುದಕ್ಕೂ ಮನಸ್ಸಿರಲಿಲ್ಲ. ನನ್ನ ಮುಖ ಆಗ ಹೇಗಿತ್ತು ಎಂದು ನನಗೆ ಚೆನ್ನಾಗಿ ಗೊತ್ತು, ಅರ್ಧ ಗಂಟೆ ಮುಂಚೆ ಅಂಥ ಮುಖಗಳನ್ನು ನೋಡಿ ಹೇಸಿಕೊಂಡವಳು ನಾನೇ.

"ಟೀಚರ್, ನಮ್ಮ ಸರದಿ ಯಾವಾಗ?"

ಜುಬೇದಾ ಬಾಗಿಲು ಸರಿಸಿ ನಿಂತಿದ್ದಳು. ಅವಳ ಹಿಂದೆ ಐದಾರು ಮಕ್ಕಳು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅವಳ ದನಿಯಲ್ಲಿ ಕೊಂಕೇನೂ ಇರಲಿಲ್ಲ, ಬೆಳಿಗ್ಗೆಯಿಂದ ಎಲ್ಲ ದೊಡ್ಡವರಿಗೂ ಕೇಳಿದ ಪ್ರಶ್ನೆಯನ್ನೇ ನನಗೂ ಕೇಳಿದ್ದಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಈಚೆ ಬಂದೆ. 

ಭಾಗೀರಥಿ ನಲ್ಲಿಯ ಹತ್ತಿರ ಇದ್ದಳು. ಬೆರಳಿನ ಅರಿಸಿನದ ಬಟ್ಟೆ ಬಿಚ್ಚಿ ಕೈ ತೊಳೆಯುತ್ತಿದ್ದಳು. ಬೆರಳಿನಲ್ಲಿ ಕುರು ಇರಲಿಲ್ಲ, ಗಾಯದ ಕಲೆ ಕೂಡ ಇರಲಿಲ್ಲ. ನಾನು ನೋಡಿದೆನೆಂದು ಅವಳಿಗೆ ಗೊತ್ತಾಯಿತು. ನಲ್ಲಿ ನಿಲ್ಲಿಸಿದಳು.

"ನನ್ನ ಕೈ ಇಂಗಿ ಹದಿನಾರು ದಿನ ಆಯ್ತು, ಟೀಚರ್."

ಮೆಲ್ಲಗೆ, ಒಂದೊಂದಾಗಿ ಹೇಳಿದಳು. ಒಂದು ಮಧ್ಯಾಹ್ನ ಕ್ಲಾಸಿನಲ್ಲಿ ಯಾರೂ ಇಲ್ಲದಾಗ ತಿದಿ ಒತ್ತಿದಳಂತೆ, ಗಾಳಿ ಬಂತು, ಸ್ವರ ಬರಲಿಲ್ಲ. ಪೆಟ್ಟಿಗೆ ಕೆಟ್ಟಿದೆ ಎಂದುಕೊಂಡಳು. ಅಷ್ಟರಲ್ಲಿ ಒಂದನೇ ಕ್ಲಾಸಿನ ಮಗುವೊಂದು ಬಂದು ಪಕ್ಕದಲ್ಲಿ ಕುಟ್ಟಿತು, ಚೆನ್ನಾಗಿ ನುಡಿಯಿತು. ಮನೆಯಲ್ಲಿ ಹೇಳಲಿಲ್ಲ. ಅಜ್ಜಿ ಉದ್ಘಾಟನೆಗೆಂದು ಹೊಸ ರೇಷ್ಮೆ ಲಂಗ ಹೊಲಿಸುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಹೇಳಿದ ದಿನವೇ ಪೆಟ್ಟಿಗೆಯ ಮುಂದೆ ಕೂರುವುದು ತಪ್ಪಿಹೋಗುತ್ತದೆ. ಹೇಗೂ ಇವತ್ತು ಅದನ್ನು ಗಾಜಿನೊಳಗೆ ಇಡುತ್ತಾರೆ, ವೇದಿಕೆಗೆ ಕರೆದಾಗ ಕುರು ನೋಯುತ್ತಿದೆ ಎಂದರಾಯಿತು, ಅಲ್ಲಿಯವರೆಗೆ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದಳು.

ನಾನು ಅವಳಿಗೆ ಸಮಾಧಾನ ಹೇಳಬೇಕಿತ್ತು. ನನಗೆ ಅದು ಬರುವುದಿಲ್ಲ. ಬಂದದ್ದು ಇಷ್ಟೇ: "ನಾನು ಒಂದು ತಿಂಗಳು ಮುಚ್ಚಿಟ್ಟಿದ್ದೆ. ಚೇಳು ಕಚ್ಚಿದೆ ಅಂತ ಹೇಳಿದ್ದೆ."

ಅವಳು ನನ್ನನ್ನು ನೋಡಿದಳು. "ಚೇಳು ಒಂದು ತಿಂಗಳು ಕಚ್ಚುತ್ತಾ, ಟೀಚರ್?"

ಇಬ್ಬರಿಗೂ ನಗು ಬಂತು. ನಗುತ್ತಿರುವಾಗಲೇ ಅವಳು ಅಳುವುದಕ್ಕೆ ಶುರುಮಾಡಿದಳು.  ವೇದಿಕೆಗೆ ಬನ್ನಿ ಎಂದು ಕರೆಯಲು ಬಂದ ವಿಶ್ವಂಭರನಿಗೆ ವಿಷಯ ಗೊತ್ತಾಗಿಹೋಯಿತು. ಅವನು ಗಾಬರಿಯಾದ, ಹೊರಗೆ ಮುನ್ನೂರು ಜನ ಕೂತಿದ್ದರು. ಆಮೇಲೆ ಒಂದು ಉಪಾಯ ಹೇಳಿದ. ಎರಡು ತಿಂಗಳ ಹಿಂದೆ ಭಾಗೀರಥಿ ಇದೇ ಹಾರ್ಮೋನಿಯಂ ನುಡಿಸಿದ್ದನ್ನು ಅವನು ರೆಕಾರ್ಡ್ ಮಾಡಿಕೊಂಡಿದ್ದ. ಅದನ್ನು ಹಿಂದಿನಿಂದ ಹಾಕುತ್ತೇನೆ, ಇವಳು ಬೆರಳಾಡಿಸಿದರೆ ಸಾಕು, ಅದೂ ಇವಳದೇ ಕೈಯಲ್ಲವೇ, ಮೋಸ ಏನು ಬಂತು ಎಂದ. ಬೇರೆ ದಿನವಾಗಿದ್ದರೆ ನಾನು ಅವನ ಚಳಿ ಬಿಡಿಸುತ್ತಿದ್ದೆ. ಅವತ್ತು ಗಾಜಿನ ತಂಪು ಇನ್ನೂ ನನ್ನ ಬೆರಳಲ್ಲಿತ್ತು. ನಿನಗೆ ಬೇಡವಾದರೆ ಬೇಡ, ನಾನೇ ಹೋಗಿ ಹೇಳುತ್ತೇನೆ ಎಂದು ಭಾಗೀರಥಿಗೆ ಹೇಳಿದೆ. ಅವಳು ಮುಖ ತೊಳೆದುಕೊಂಡು, ಹೋಗಿ ಕೂರುತ್ತೇನೆ ಎಂದಳು.

ವೇದಿಕೆಯ ಮೇಲೆ ತಿಪ್ಪೇಶಪ್ಪನವರು ಇಪ್ಪತ್ತು ನಿಮಿಷ ಮಾತಾಡಿದರು. ಕುಪ್ಪಳಿಸಿದ ಏದುಸಿರು ಇನ್ನೂ ನಿಂತಿರಲಿಲ್ಲ. ಮಕ್ಕಳೇ ಈ ಊರಿನ ಸಂಪತ್ತು ಎಂದರು. ಆ ಸಂಪತ್ತು ಆಗ ಕುರ್ಚಿ ಸಾಲದೆ ನೆಲದ ಮೇಲೆ, ಪರಿಷತ್ತಿನವರ ಕಾಲ ಬಳಿ ಕೂತಿತ್ತು. ಭಾಗೀರಥಿ ಹೊಸ ಲಂಗದಲ್ಲಿ ಬಂದು, ಹಾರ್ಮೋನಿಯಂಗೆ ನಮಸ್ಕಾರ ಮಾಡಿ, ಎಡಗೈಯಲ್ಲಿ ತಿದಿ ಹಿಡಿದು ಬಲಗೈ ಇಟ್ಟಳು. ಒಂದು ಕ್ಷಣ ಬರೀ ಗಾಳಿಯ ಸದ್ದು ಕೇಳಿಸಿತು. ಆಮೇಲೆ ಧ್ವನಿವರ್ಧಕಗಳಿಂದ ಮೋಹನ ರಾಗ ಹೊರಟಿತು. ಚೆನ್ನಾಗಿತ್ತು. ಅವಳು ಎರಡು ತಿಂಗಳ ಹಿಂದೆ ಅಷ್ಟು ಚೆನ್ನಾಗಿ ನುಡಿಸುತ್ತಿದ್ದಳು.

ಅರ್ಧ ನಿಮಿಷ ಅವಳ ಬೆರಳು ಕೀಗಳ ಮೇಲೆ ಓಡಾಡಿತು. ಆಮೇಲೆ ನಿಂತಿತು. ಅವಳು ತಿದಿಯಿಂದ ಎಡಗೈ ತೆಗೆದಳು, ಕೀಗಳಿಂದ ಬಲಗೈ ತೆಗೆದಳು, ಎರಡನ್ನೂ ಮಡಿಲಲ್ಲಿಟ್ಟುಕೊಂಡು ಸಭೆಯ ಕಡೆ ನೇರವಾಗಿ ನೋಡುತ್ತ ಕೂತಳು. ಮೋಹನ ನಡೆಯುತ್ತಲೇ ಇತ್ತು.

ನಾನು ಜನರ ಕಡೆ ನೋಡಿದೆ. ಪರಿಷತ್ತಿನ ಅಧ್ಯಕ್ಷರು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಸಬ್ ಇನ್ಸ್‌ಪೆಕ್ಟರು ತಲೆಯಾಡಿಸುತ್ತಿದ್ದರು. ಕಣ್ಣು ತೆರೆದಿದ್ದವರು ಕೂಡ, ಮಡಿಲಲ್ಲಿ ಕೈಯಿಟ್ಟುಕೊಂಡ ಹುಡುಗಿಯನ್ನು ಎದುರಿಗೇ ನೋಡುತ್ತ, ಏನು ಬೆರಳು ಏನು ಬೆರಳು ಎಂದು ಪಕ್ಕದವರ ಕಿವಿಯಲ್ಲಿ ಹೇಳುತ್ತಿದ್ದರು. ರಾಗ ಮುಗಿಯಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಮಕ್ಕಳು ಮಾತ್ರ ಸುಮ್ಮನಿದ್ದರು. ಅವರಿಗೆ ಅರ್ಥವಾಗಿತ್ತು. ಆರನೇ ಕ್ಲಾಸಿನ ಒಂದಿಬ್ಬರು ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು.

ಚಪ್ಪಾಳೆಯ ನಡುವೆಯೇ ಜುಬೇದಾ ಎದ್ದು ವೇದಿಕೆ ಹತ್ತಿದಳು. ಯಾರೂ ಅವಳನ್ನು ಕರೆದಿರಲಿಲ್ಲ. ಭಾಗೀರಥಿಯ ಪಕ್ಕ ಜಾಗ ಮಾಡಿಕೊಂಡು ಕೂತು, ಎರಡೂ ಕೈಯಿಂದ ತಿದಿ ಒತ್ತಿ, ಆಮೇಲೆ ಅವಸರದಲ್ಲಿ ಒಂದು ಕೈ ಬಿಟ್ಟು, ತನಗೆ ಬರುತ್ತಿದ್ದ ಒಂದೇ ಒಂದು ಪಾಠ ನುಡಿಸಿದಳು. ಮೂರನೇ ಸ್ವರವೇ ತಪ್ಪಿತು. ಭಾಗೀರಥಿ ಅವಳ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದಳು. ಜುಬೇದಾ ತಿದ್ದಿಕೊಂಡಳು, ಮತ್ತೆ ತಪ್ಪಿದಳು. ಸಭೆಯಲ್ಲಿ ಕೆಮ್ಮು ಶುರುವಾಯಿತು. ಪರಿಷತ್ತಿನ ಅಧ್ಯಕ್ಷರು ಮುಖ ಹುಳಿ ಮಾಡಿಕೊಂಡು, ಅಷ್ಟು ಒಳ್ಳೆಯ ಮೋಹನ ಕೇಳಿದ ಮೇಲೆ ಇದೇನಿದು ಎಂದರು.

ತಿಪ್ಪೇಶಪ್ಪನವರ ಗುಮಾಸ್ತ ನನ್ನ ಮುಂದೆ ಕಾಗದ ಹಿಡಿದ. ಪೆನ್ನೂ ಬಿಚ್ಚಿಕೊಟ್ಟ. ನಾನು ಪೆನ್ನಿನ ಮುಚ್ಚಳ ಹಾಕಿ ವಾಪಸು ಕೊಟ್ಟೆ. ತಿಪ್ಪೇಶಪ್ಪನವರು ಬಂದು ಏನಾಯಿತು ಎಂದು ಕೇಳಿದರು.

"ಇದು ಇನ್ನೂ ನುಡೀತಿದೆ," ಎಂದೆ. "ನುಡಿಯೋದನ್ನ ಗಾಜಿನೊಳಗೆ ಇಡೋಕಾಗಲ್ಲ."

"ಗಾಜಿನ ಪೆಟ್ಟಿಗೆ ಮಾಡ್ಸಿ ಆಗಿದೆಯಲ್ಲ, ಟೀಚರ್. ಅದ್ರೊಳಗೆ ಏನಿಡೋಣ?"

"ಪರಿಷತ್ತಿನವರಿದಾರಲ್ಲ, ಒಬ್ಬೊಬ್ಬರನ್ನೇ ಕೂರಿಸಿ."

ಆ ಮಾತು ನನ್ನ ಗೌಪ್ಯ ವರದಿಗೆ ಸೇರಿದೆ. ಇರಲಿ. ತಳ್ಳುಗಾಡಿಯವನು ಹೋಗಿಬಿಟ್ಟಿದ್ದ, ಹಾಗಾಗಿ ಹಾರ್ಮೋನಿಯಂ ಅನ್ನು ಮಕ್ಕಳೇ ಹೊತ್ತರು, ಆರು ಜನ ಒಂದು ಸಲಕ್ಕೆ. ಗೇಟಿನವರೆಗೆ ವಿಶ್ವಂಭರನೂ ಒಂದು ಕಡೆ ಹಿಡಿದುಕೊಂಡು ಬಂದ. ಕರಪತ್ರದ ಮಾತು ಬಿಟ್ಟು, ಆ ಪುಟ್ಟ ಹುಡುಗಿ ನುಡಿಸಿದಂಥದ್ದನ್ನು ಎದುರಿಗೆ ಕೂತು ಕೇಳಿ, ಈ ಊರಿಗೆ ಬಂದಾಗಿನಿಂದ, ಏಳು ತಿಂಗಳಾಗಿತ್ತು, ರೆಕಾರ್ಡ್ ಮಾಡುವಾಗ ತಾನು ಬರೀ ಮೀಟರಿನ ಮುಳ್ಳು ನೋಡುತ್ತಿದ್ದೆ ಎಂದ. ನಾನು ಅವನಿಗೆ ಶನಿವಾರ ನಮ್ಮ ಕ್ಲಾಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರಲು ಹೇಳಿದೆ. ರಸ್ತೆಯಲ್ಲಿ ಮಕ್ಕಳು ಆಗಾಗ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದರು. ಇಳಿಸಿದಾಗಲೆಲ್ಲ ಯಾರಾದರೂ ಕುಟ್ಟುತ್ತಿದ್ದರು. ಎರಡನೇ ಸಲ ಇಳಿಸಿದಾಗ ಮ್ಯೂಸಿಯಂನ ಬ್ಯಾಡ್ಜಿನವನು ಓಡುತ್ತ ಬಂದು, ಸ್ವಲ್ಪ ದೂರ ಹೋಗಿ ಬಾರಿಸಿಕೊಳ್ಳಬೇಕಂತೆ, ಒಳಗೆ ಹಿರಿಯರಿಗೆ ಸಂಗೀತ ಕೇಳಿಸುತ್ತಿಲ್ಲವಂತೆ ಎಂದ.

ನನಗೆ ಮೆಮೊ ಬಂತು. ಉತ್ತರ ಕೊಟ್ಟೆ. ಹೆಡ್‌ಮಾಸ್ಟರಿಗೆ ಅವತ್ತು ಶಾಲು ಸಿಗಲಿಲ್ಲವಾದ್ದರಿಂದ ಮೂರು ವಾರ ನನ್ನ ಜೊತೆ ಮಾತಾಡಲಿಲ್ಲ, ಅಷ್ಟು ನೆಮ್ಮದಿಯ ಮೂರು ವಾರ ನನ್ನ ಸರ್ವೀಸಿನಲ್ಲಿ ಬೇರೆ ಇಲ್ಲ. ಮ್ಯೂಸಿಯಂ ಈಗ ದೊಡ್ಡವರಿಗೆ ವಾರವಿಡೀ ತೆರೆದಿರುತ್ತದೆ, ಮಕ್ಕಳಿಗೆ ಬುಧವಾರ ಹತ್ತರಿಂದ ಹನ್ನೊಂದು. ಹಾರ್ಮೋನಿಯಂ ಹಿಂದಕ್ಕೆ ಕೇಳಲು ಯಾರೂ ಬರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ತಿಪ್ಪೇಶಪ್ಪನವರು ಉದ್ಘಾಟನೆಗೆ ಕತ್ತರಿಸಿದ ಟೇಪು ಮತ್ತು ಕತ್ತರಿ ಇಟ್ಟಿದ್ದಾರೆ.

ಭಾಗೀರಥಿ ಮನೆಯಲ್ಲಿ ಹೇಳಿದಳು. ಅಜ್ಜಿ ಬೈಯಲಿಲ್ಲ, ಹೋಳಿಗೆ ಮಾಡಿದರು. ಅವಳಿಗೆ ಸಂಗೀತದ ಕ್ಲಾಸಿಗೆ ಬರುವ ಅಗತ್ಯ ಇರಲಿಲ್ಲ, ಕೈ ಇಂಗಿದವರು ಆ ಹೊತ್ತಿನಲ್ಲಿ ಡ್ರಾಯಿಂಗಿಗೆ ಹೋಗುತ್ತಾರೆ. ಅವಳು ಬಂದಳು. ಜುಬೇದಾಳ ಪಕ್ಕ ಕೂತು ಸ್ವರ ಹೇಳತೊಡಗಿದಳು. ಮೊದಮೊದಲು ಚೆನ್ನಾಗಿತ್ತು. ಆಮೇಲೆ ಒಂದು ಮಧ್ಯಾಹ್ನ ಜುಬೇದಾ ಒಂದೇ ಸಾಲನ್ನು ಏಳು ಸಲ ತಪ್ಪಿದಾಗ ಭಾಗೀರಥಿ, ಇದಕ್ಕೆ ನುಡಿಸೋದು ಅಂತಾರಾ, ಕತ್ತೆ ಬಂದು ಕೂತರೂ ಇದಕ್ಕಿಂತ ಚೆನ್ನಾಗಿ ನುಡಿಸುತ್ತೆ ಎಂದಳು. ಅದು ನನ್ನ ಮಾತು. ನನ್ನ ದನಿ, ನನ್ನ ತುಟಿಯ ಕೊಂಕು, ಎಲ್ಲ ಹಾಗೆಯೇ. ಹನ್ನೊಂದೂವರೆ ವರ್ಷದ ಮುಖದ ಮೇಲೆ ಅದನ್ನು ನೋಡಲು ನನಗೆ ಆಗಲಿಲ್ಲ.

ಜುಬೇದಾ ಕೀಗಳಿಂದ ಕೈ ತೆಗೆದಳು. "ಹಂಗಾದ್ರೆ ನೀನೇ ನುಡ್ಸು," ಎಂದಳು.

 ಭಾಗೀರಥಿಯ ಮುಖದಲ್ಲಿ ರಕ್ತವಿರಲಿಲ್ಲ. ಎದ್ದು ಹೋಗುತ್ತಾಳೆ, ಇನ್ನು ಈ ಕಡೆ ಬರುವುದಿಲ್ಲ ಎಂದುಕೊಂಡೆ. ನಾನು ಹಾಗೆ ಎದ್ದು ಹೋದವಳು, ಇಪ್ಪತ್ತು ವರ್ಷದವಳಾಗಿ ಸಂಬಳಕ್ಕಾಗಿ ತಿರುಗಿ ಬಂದವಳು. ಅವಳು ಏಳಲಿಲ್ಲ. ಸ್ವಲ್ಪ ಹೊತ್ತು ಪೆಟ್ಟಿಗೆಯನ್ನೇ ನೋಡಿದಳು. ಆಮೇಲೆ ಜುಬೇದಾಳ ಬಲಗೈ ತೆಗೆದು ಕೀಗಳ ಮೇಲಿಟ್ಟು, ಅದರ ಮೇಲೆ ತನ್ನ ಕೈಯಿಟ್ಟಳು, ಬೆರಳಿಗೆ ಬೆರಳು ಸರಿಯಾಗಿ.

ನಮ್ಮೂರಲ್ಲಿ ಅದನ್ನು ಯಾರೂ ಮಾಡುವುದಿಲ್ಲ. ಇಂಗಿದ ಕೈ ತಾಗಿದರೆ ಎಳೆಯ ಕೈ ಬೇಗ ಇಂಗುತ್ತದೆ ಎನ್ನುತ್ತಾರೆ. ನಾನು ಮಕ್ಕಳಿಂದ ದೂರ ನಿಂತು ಬೆರಳು ತೋರಿಸಿದ್ದು ಅದಕ್ಕೇ, ಮೂವತ್ತೊಂದು ವರ್ಷ. ಯಾರು ಹೇಳಿದ್ದು, ಯಾರು ನೋಡಿದ್ದು ಎಂದು ಯಾವತ್ತೂ ಕೇಳಿರಲಿಲ್ಲ, ಊರಿನ ಎಲ್ಲರನ್ನೂ ಆಡಿಕೊಂಡು ನಕ್ಕ ನಾನು ಇದೊಂದನ್ನು ನಂಬಿಕೊಂಡು ಬಂದಿದ್ದೆ. ಬೇಡ ಎನ್ನಲು ಬಾಯಿ ತೆರೆದೆ. ಭಾಗೀರಥಿ ನನ್ನ ಕಡೆ ನೋಡಿದಳು. ನಾನು ಬಾಯಿ ಮುಚ್ಚಿ, ಹೋಗಿ ತಿದಿ ಹಿಡಿದುಕೊಂಡೆ.

ಅವಳು ಒತ್ತಿದಳು. ಕೆಳಗಿನ ಪುಟ್ಟ ಬೆರಳು ಕೀಯನ್ನು ಒತ್ತಿತು. ಸ್ವರ ಬಂತು. ಇನ್ನೊಂದು ಬಂತು. ಅವಳ ಕಣ್ಣು ಅಗಲವಾಯಿತು, ಕೈ ವೇಗವಾಯಿತು, ಅಷ್ಟು ದಿನ ತಡೆದದ್ದೆಲ್ಲ ಒಂದೇ ಸಲಕ್ಕೆ ಬರಬೇಕು ಎನ್ನುವ ಹಾಗೆ. ಹಿಂದಿನ ಬೆಂಚಿನಲ್ಲಿದ್ದ ಮಕ್ಕಳು ಎದ್ದು ಹತ್ತಿರ ಬಂದರು.

"ಮೆಲ್ಲಗೆ ಅಕ್ಕ," ಎಂದಳು ಜುಬೇದಾ, "ಬೆರಳು ನೋಯುತ್ತೆ."

ಭಾಗೀರಥಿ ನಿಧಾನ ಮಾಡಿದಳು.